11,904 ಯೂರೊ: ಇದು ಯಾರ ಮನೆಯ ಲೆಕ್ಕ?

ಜರ್ಮನಿಯ ವೀಸಾಕ್ಕೆ ತೋರಿಸಬೇಕಾದ ಮೊತ್ತವನ್ನೇ ಓದಿನ ಪೂರ್ತಿ ಖರ್ಚೆಂದು ನಂಬಿ ಮಕ್ಕಳನ್ನು ಕಳಿಸುವ ಮನೆಗಳು ಕಡಿಮೆಯಿಲ್ಲ. ಆ ಅಂಕಿ ಹುಟ್ಟಿದ್ದು ಅಲ್ಲಿನದೇ ಹುಡುಗ ಹುಡುಗಿಯರಿಗಾಗಿ. ನಮ್ಮವರ ಖರ್ಚು ಅದರ ಹೊರಗೇ ಶುರುವಾಗುತ್ತದೆ.

ಜುಲೈ ಹಿಡಿಯುತ್ತಿದ್ದಂತೆ ಬೆಂಗಳೂರಿನ ಬ್ಯಾಂಕುಗಳಲ್ಲಿ, ವಿದೇಶಿ ವಿನಿಮಯ ನೋಡಿಕೊಳ್ಳುವ ಮೇಜಿನ ಮುಂದೆ, ಒಂದೇ ಬಗೆಯ ಕುಟುಂಬಗಳು ಕಾಣಿಸಿಕೊಳ್ಳುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಒಳಗೆ ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಅಡ್ಮಿಷನ್ ಲೆಟರ್. ಅಪ್ಪ ಎ2 ಫಾರಂ ತುಂಬುತ್ತಾರೆ. ಮಗಳು ಮೊಬೈಲು ನೋಡಿಕೊಂಡು ಜರ್ಮನ್ ಖಾತೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳುತ್ತಾಳೆ. ಯೂರೊ ನಿನ್ನೆಗಿಂತ ಎಷ್ಟು ಪೈಸೆ ಏರಿತು ಎಂಬುದರ ಮೇಲೆ ಅಮ್ಮನ ಕಣ್ಣು. ಮೊತ್ತದ ಖಾನೆಯಲ್ಲಿ ಬೀಳುವ ಅಂಕಿ ಮಾತ್ರ ಮನೆಯಿಂದ ಮನೆಗೆ ಬದಲಾಗುವುದಿಲ್ಲ: 11,904 ಯೂರೊ, ಅದರ ಮೇಲೆ ಖಾತೆ ತೆರೆದುಕೊಟ್ಟ ಕಂಪನಿಯ ಶುಲ್ಕ. ಲೆಕ್ಕ ಸುಲಭವಾಗಲೆಂದು 12,000 ಮಾಡುವವರೂ ಅಪರೂಪ.

ಇದು ಜರ್ಮನಿಯ ವಿದ್ಯಾರ್ಥಿ ವೀಸಾ ಕೇಳುವ ‘ಬ್ಲಾಕ್ಡ್ ಅಕೌಂಟ್’ ಮೊತ್ತ. ಓದಲು ಬರುವವರ ಬಳಿ ಒಂದು ವರ್ಷ ಬದುಕುವಷ್ಟು ಹಣವಿದೆ ಎಂಬುದಕ್ಕೆ ಪುರಾವೆ. ಹಣವನ್ನು ಮುಂಚೆಯೇ ಕಟ್ಟಬೇಕು. ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ಕೈಗೆ ಬರುತ್ತದೆ. ನಿಯಮದಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಬರಿಗೈಲಿ ಬಂದು ಬೀದಿಗೆ ಬೀಳುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ, ಮೊದಲ ತಿಂಗಳಲ್ಲೇ ಎಲ್ಲವನ್ನೂ ಉಡಾಯಿಸಿ ಕೂರುವುದನ್ನೂ ತಡೆಯುತ್ತದೆ. ತೊಂದರೆ ಇರುವುದು ಈ ಅಂಕಿಗೆ ನಮ್ಮ ಮನೆಗಳಲ್ಲಿ ಸಿಗುವ ಸ್ಥಾನದಲ್ಲಿ. ‘ಜರ್ಮನಿಗೆ ಎಷ್ಟಾಗುತ್ತೆ?’ ಎಂದು ಕೇಳಿದರೆ, ‘ಫೀಸಿಲ್ಲ, ಬ್ಲಾಕ್ಡ್ ಅಕೌಂಟಿಗೆ ಹನ್ನೆರಡು ಹನ್ನೆರಡೂವರೆ ಲಕ್ಷ, ಮೇಲೆ ಟಿಕೆಟ್ಟು, ಅಷ್ಟೇ’ ಎಂಬ ಉತ್ತರ ಕನ್ಸಲ್ಟೆನ್ಸಿಯ ಕುರ್ಚಿಯಿಂದ ಹಿಡಿದು ಮದುವೆಮನೆಯ ಊಟದ ಪಂಕ್ತಿಯವರೆಗೆ ಎಲ್ಲಿ ಬೇಕಾದರೂ ಸಿಗುತ್ತದೆ. ವೀಸಾ ಅಧಿಕಾರಿಗೆ ತೋರಿಸಬೇಕಾದ ಕನಿಷ್ಠವೇ ಮನೆಯವರು ಹೊಂದಿಸುವ ಗರಿಷ್ಠವಾಗಿಬಿಡುತ್ತದೆ. ವಿದೇಶದ ಓದಿನ ಮಧ್ಯೆ ಕೈ ಖಾಲಿಯಾದಾಗ ಮಕ್ಕಳ ದುಂದುಗಾರಿಕೆಯನ್ನು ಬೈಯುವುದು ರೂಢಿ. ನನ್ನ ಪ್ರಕಾರ ಬೈಯಬೇಕಾದ್ದು ಈ ಅದಲುಬದಲನ್ನು.

ಅಂಕಿ ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿದರೆ ವಿಷಯ ಅರ್ಧ ತಿಳಿಯಾಗುತ್ತದೆ. ಜರ್ಮನಿಯಲ್ಲಿ ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಸರ್ಕಾರವೇ ಓದಿನ ನೆರವು ಕೊಡುತ್ತದೆ; ಅದಕ್ಕೆ ‘ಬಾಫೊಗ್’ ಎಂದು ಹೆಸರು. 2024ರ ಪರಿಷ್ಕರಣೆಯಲ್ಲಿ ಅದರ ಗರಿಷ್ಠ ಮೊತ್ತ ತಿಂಗಳಿಗೆ 992 ಯೂರೊ ಆಯಿತು: ಊಟ, ಬಟ್ಟೆ, ಪುಸ್ತಕಕ್ಕೆ 475, ಬಾಡಿಗೆಗೆ 380, ಆರೋಗ್ಯ ಮತ್ತು ಆರೈಕೆ ವಿಮೆಗೆ 137. ಅದನ್ನೇ ಹನ್ನೆರಡರಿಂದ ಗುಣಿಸಿ ವೀಸಾಕ್ಕೂ ಹಚ್ಚಿದರು. 2022ರ ಕೊನೆಯವರೆಗೆ ಇದೇ ಮೊತ್ತ 10,332 ಇತ್ತು, 2023ರ ಜನವರಿಯಿಂದ 11,208, 2024ರ ಸೆಪ್ಟೆಂಬರ್‌ನಿಂದ 11,904. ಅಂದರೆ ಇದು ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಹೊಸದಾಗಿ ಬಂದಿಳಿದವರ ಖರ್ಚನ್ನು ಅಳೆದು ಕಟ್ಟಿದ ಅಂಕಿಯಲ್ಲ. ಆ ದೇಶದಲ್ಲೇ ಹುಟ್ಟಿ ಬೆಳೆದ, ಚಳಿಯ ಕೋಟನ್ನೂ ಸೈಕಲ್ಲನ್ನೂ ಹಾಸಿಗೆಯನ್ನೂ ಮನೆಯಿಂದ ಕಾರಿನಲ್ಲಿ ತಂದುಕೊಳ್ಳಬಲ್ಲ, ಭಾಷೆ ಬರುವ, ಕಷ್ಟವಾದರೆ ರೈಲು ಹತ್ತಿ ಅಮ್ಮನ ಬಳಿ ಹೋಗಬಲ್ಲ ವಿದ್ಯಾರ್ಥಿಗೆ ಅಂದಾಜಿಸಿದ್ದು. ಅವರ ತಂದೆತಾಯಿಗೆ, ಮಗು ಓದುತ್ತಿರುವಷ್ಟು ಕಾಲ 25ನೇ ವಯಸ್ಸಿನವರೆಗೆ, ತಿಂಗಳಿಗೆ 250 ಯೂರೊಗೂ ಹೆಚ್ಚು ಮಕ್ಕಳ ಭತ್ಯೆ ಬೇರೆ ಬರುತ್ತದೆ. ಇನ್ನೂ ಒಂದು ಸಂಗತಿಯಿದೆ. ಅದೇ 2024ರ ಪರಿಷ್ಕರಣೆಯಲ್ಲಿ, ಸಾಮಾಜಿಕ ನೆರವಿನಲ್ಲಿ ಬದುಕುವ ಮನೆಗಳ 25 ದಾಟದ ಮಕ್ಕಳು ಕಾಲೇಜು ಸೇರುವಾಗ ಒಂದು ಬಾರಿ 1,000 ಯೂರೊ ಪ್ರತ್ಯೇಕವಾಗಿ ಕೊಡುವ ಏರ್ಪಾಟೂ ಬಂತು. ತಿಂಗಳ ಮೊತ್ತದಲ್ಲಿ ಆರಂಭದ ಖರ್ಚು ಏಳುವುದಿಲ್ಲವೆಂದು ಜರ್ಮನ್ ಸರ್ಕಾರವೇ ಕಾನೂನಿನಲ್ಲಿ ಒಪ್ಪಿಕೊಂಡಂತಾಯಿತು. ನಮ್ಮ ಫಾರಂಗಳಲ್ಲಿ ಆ ಸಾವಿರಕ್ಕೆ ಖಾನೆಯೇ ಇಲ್ಲ.

ಈಗ ಬಾಡಿಗೆಗೆ ಬರೋಣ. ಲೆಕ್ಕ ಮೊದಲು ಹರಿಯುವುದು ಅಲ್ಲೇ. ಮ್ಯೂನಿಕ್‌ನಲ್ಲಿ ನಾಲ್ಕಾರು ಜನ ಹಂಚಿಕೊಂಡ ಮನೆಯ ಒಂದು ಕೋಣೆಗೆ ಸರಾಸರಿ 800 ಯೂರೊ ಹತ್ತಿರ ಕೇಳುತ್ತಾರೆ. 380 ಎಲ್ಲಿ, 800 ಎಲ್ಲಿ? ವಿಶ್ವವಿದ್ಯಾಲಯದ ವಿದ್ಯಾರ್ಥಿ ಸೇವಾ ಸಂಸ್ಥೆಗಳ ಹಾಸ್ಟೆಲ್ ಕೋಣೆಗಳು ಅಗ್ಗ, ಆದರೆ ದೊಡ್ಡ ಊರುಗಳಲ್ಲಿ ಅದರ ಸರತಿ ಸೆಮಿಸ್ಟರ್‌ಗಟ್ಟಲೆ ಉದ್ದ. ವಿಮೆಯ 137 ಕೂಡ ಹಿಂದೆ ಬಿದ್ದಿದೆ. 23 ದಾಟಿದ, ಮಕ್ಕಳಿಲ್ಲದ ವಿದ್ಯಾರ್ಥಿಯ ಸರ್ಕಾರಿ ವಿಮೆಯ ಕಂತು 140 ಮೀರುತ್ತದೆ. 30 ತುಂಬಿದರೆ ವಿದ್ಯಾರ್ಥಿ ದರವೇ ತಪ್ಪಿಹೋಗುತ್ತದೆ. ನಾಲ್ಕಾರು ವರ್ಷ ಐಟಿ ಕಂಪನಿಯಲ್ಲಿ ದುಡಿದು ಆಮೇಲೆ ಎಂ.ಎಸ್.ಗೆ ಹೊರಡುವವರು ನಮ್ಮಲ್ಲಿ ಹೆಚ್ಚುತ್ತಿರುವಾಗ ಇದನ್ನು ಅಡಿಟಿಪ್ಪಣಿಯೆಂದು ಬಿಟ್ಟುಬಿಡುವಂತಿಲ್ಲ. ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ರೇಡಿಯೊ, ಟಿವಿ ಶುಲ್ಕವೂ ಇದೆ. ಟಿವಿ ಇಲ್ಲದಿದ್ದರೂ ಕಟ್ಟಬೇಕು.

ಮೊದಲ ತಿಂಗಳ ಕಥೆ ಬೇರೆಯೇ. ವಿದ್ಯುತ್ತು, ಹೀಟಿಂಗು ಬಿಟ್ಟು ಬರೀ ಕೋಣೆಗೆ 450, ಎಲ್ಲ ಸೇರಿ 550 ಯೂರೊ ಬಾಡಿಗೆಯೆಂದು ಇಟ್ಟುಕೊಳ್ಳಿ. ಮಧ್ಯಮ ಗಾತ್ರದ ಊರಿನಲ್ಲಿ ಇದು ದುಬಾರಿಯೇನಲ್ಲ. ಕಾನೂನಿನ ಪ್ರಕಾರ ಮಾಲೀಕರು ಮೂರು ತಿಂಗಳ ಬರೀ ಬಾಡಿಗೆಯಷ್ಟು ಡೆಪಾಸಿಟ್ ಕೇಳಬಹುದು, ಅಂದರೆ 1,350. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಮೂರು ತಿಂಗಳು ಏನು ಮಹಾ ಎನಿಸಬಹುದು. ಆದರೆ ಡೆಪಾಸಿಟ್, ಮೊದಲ ಬಾಡಿಗೆ, ವಿಮೆ ಈ ಮೂರೇ 2,040 ಯೂರೊ ಆದವು. ಖಾತೆಯಿಂದ ಬರುವುದು 992. ಡೆಪಾಸಿಟ್ಟನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಕೋಣೆಗೆ ಐವತ್ತು ಜನ ಕಾಯುತ್ತಿರುವ ಊರಿನಲ್ಲಿ ಆ ಹಕ್ಕನ್ನು ಬಾಯಿಬಿಟ್ಟು ಕೇಳುವವರು ಯಾರು? ಕೇಳಿ ಗೆದ್ದರೂ ಮೊದಲ ತಿಂಗಳ ಮೊತ್ತ 1,140, ಆಗಲೂ ಕೊರತೆಯೇ. ಇದಿನ್ನೂ ಪಾತ್ರೆ, ಹೊದಿಕೆ, ಸೆಮಿಸ್ಟರ್ ಶುಲ್ಕ, ವಾಸ ಪರವಾನಗಿಯ ಶುಲ್ಕ ಸೇರದ ಲೆಕ್ಕ. ಸಾಲದೆಂಬಂತೆ 992 ಕೂಡ ಇಳಿದ ದಿನವೇ ಸಿಗುವುದಿಲ್ಲ. ಅದು ಬರಲು ಅಲ್ಲೊಂದು ಚಾಲ್ತಿ ಖಾತೆ ಬೇಕು, ಖಾತೆಗೆ ಹಲವು ಬ್ಯಾಂಕುಗಳು ವಿಳಾಸ ನೋಂದಣಿಯ ಪತ್ರ ಕೇಳುತ್ತವೆ, ನೋಂದಣಿಗೆ ಮನೆ ಬೇಕು, ಮನೆಗೆ ಡೆಪಾಸಿಟ್ ಬೇಕು. ಈ ಸುತ್ತಿನಿಂದ ಹೊರಬರಲು ಬ್ಲಾಕ್ಡ್ ಅಕೌಂಟಿನ ಹೊರಗೆ, ಕೈಯಲ್ಲೇ ಎರಡೂವರೆ ಸಾವಿರ ಯೂರೊ ಇರಬೇಕು.

ಚೌಕಟ್ಟು: ವಿಮಾನ ಹತ್ತುವ ಮೊದಲೇ
ಭಾರತದ ಪದವಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯ. ಶುಲ್ಕ 18,000 ರೂಪಾಯಿ. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಹಾಕಿದರೆ ಮೊದಲ ಕೋರ್ಸಿಗೆ 75 ಯೂರೊ, ಆಮೇಲಿನ ಪ್ರತಿಯೊಂದಕ್ಕೂ 30. ಹತ್ತು ಕಡೆ ಹಾಕಿದವರಿಗೆ 345 ಯೂರೊ ಅಲ್ಲೇ ಮುಗಿಯಿತು. ವೀಸಾ ಶುಲ್ಕ 75 ಯೂರೊ. ಭಾಷಾ ಪರೀಕ್ಷೆ, ಟ್ರಾನ್ಸ್‌ಕ್ರಿಪ್ಟ್, ನೋಟರಿ, ಟಿಕೆಟ್ಟು ಬೇರೆ.

‘ಫೀಸಿಲ್ಲ’ ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಅದು ಇಂದಿಗೂ ನಿಜ. ಆದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪಿನ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ವಸೂಲಿ ಮಾಡುತ್ತಿದೆ. ನಮ್ಮ ಎಂಜಿನಿಯರಿಂಗ್ ಹುಡುಗರ ಕನಸಿನ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊರದೇಶದವರಿಗೆ ಫೀಸು ಇಟ್ಟಿದೆ. ಸ್ನಾತಕೋತ್ತರ ಕೋರ್ಸುಗಳಿಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೊ. ಖಾಸಗಿ ವಿಶ್ವವಿದ್ಯಾಲಯಗಳ ಮಾತೇ ಬೇರೆ. ಸರ್ಕಾರಿ ಸೀಟು ಸಿಗದವರನ್ನು ಅಲ್ಲಿಗೆ ಸಾಗಿಸುವ ಏಜೆಂಟರು ‘ಜರ್ಮನಿ ಫ್ರೀ’ ಎಂಬ ಹಳೇ ಹೆಸರಿನ ಲಾಭವನ್ನೇ ಪಡೆಯುತ್ತಾರೆ.

ಇಲ್ಲಿ ಬರುವ ಮೊದಲ ಆಕ್ಷೇಪ: ಪಾರ್ಟ್‌ಟೈಮ್ ಮಾಡಿದರೆ ಆಯಿತಲ್ಲ? ಕಾಗದದ ಮೇಲೆ ಈ ಮಾತಿಗೆ ಬಲವಿದೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚ್‌ಗೆ ಮುಂಚೆ 120 ದಿನ ಇತ್ತು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ‘ಮಿನಿಜಾಬ್’ ಎಂಬ ಸಣ್ಣ ಕೆಲಸದಲ್ಲಿ ತಿಂಗಳಿಗೆ 603 ಯೂರೊವರೆಗೆ ಹೆಚ್ಚಿನ ಕಡಿತವಿಲ್ಲದೆ ಗಳಿಸಬಹುದು. ಜರ್ಮನ್ ಬರದವರಿಗೆ ಸಿಗುವುದು ಗೋದಾಮು, ಅಡುಗೆಮನೆ, ಡೆಲಿವರಿ; ಮೊದಲ ಸೆಮಿಸ್ಟರ್‌ನಲ್ಲಿ ಅದೂ ಸಿಗುವ ಖಾತ್ರಿಯಿಲ್ಲ. ಸಿಕ್ಕಿತೆಂದೇ ಇಟ್ಟುಕೊಂಡು ಲೆಕ್ಕ ಮುಂದುವರಿಸೋಣ. ರಾತ್ರಿ ಪಾಳಿಯಿಂದಾಗಿ ನಾಲ್ಕು ಪರೀಕ್ಷೆ ಹಿಂದೆಬಿದ್ದು ಓದು ಒಂದು ಸೆಮಿಸ್ಟರ್ ಲಂಬಿಸಿದರೆ, ಆ ಆರು ತಿಂಗಳಿಗೆ ಸರ್ಕಾರಿ ಅಂದಾಜಿನಲ್ಲೇ 5,952 ಯೂರೊ ಬೇಕು. ಹತ್ತು ತಿಂಗಳ ಮಿನಿಜಾಬ್ ಸಂಬಳ ಅಲ್ಲಿಗೆ ಸಾಟಿಯಾಯಿತು. ಆರು ತಿಂಗಳು ತಡವಾಗಿ ಬರುವ ಮೊದಲ ಪೂರ್ಣ ಸಂಬಳವನ್ನು ಇದಕ್ಕೆ ನಾನು ಸೇರಿಸಿಯೇ ಇಲ್ಲ. ಓದಿಗೆ ಹೊಂದುವ ಕೆಲಸ, ಅಂದರೆ ಕಂಪನಿಗಳಲ್ಲಿ ವಾರಕ್ಕೆ 20 ಗಂಟೆಯ ‘ವರ್ಕಿಂಗ್ ಸ್ಟೂಡೆಂಟ್’ ಹುದ್ದೆ, ಸಿಕ್ಕರೆ ಚಿತ್ರ ಬದಲಾಗುತ್ತದೆ, ನಿಜ. ಅದು ಸಾಮಾನ್ಯವಾಗಿ ಎರಡನೇ ವರ್ಷದ ಮಾತು. ಮೊದಲ ವರ್ಷದ ಬಾಡಿಗೆಯನ್ನು ಎರಡನೇ ವರ್ಷದ ಸಂಬಳದಲ್ಲಿ ಕಟ್ಟಲಾಗದು.

ಸರ್ಕಾರ ನಿಗದಿ ಮಾಡಿದ್ದು ಅಂದಮೇಲೆ ಸಾಕಾಗುತ್ತದೆ ಎಂಬ ಭರವಸೆ ಎರಡನೇ ಆಕ್ಷೇಪ. ಬೇರೆ ದೇಶಗಳನ್ನು ನೋಡಿದರೆ ಈ ಭರವಸೆಯ ಬಣ್ಣ ಬಯಲಾಗುತ್ತದೆ. ಕೆನಡಾ ಎರಡು ದಶಕಗಳ ಕಾಲ, ಫೀಸಿನ ಹೊರತಾಗಿ ಜೀವನ ವೆಚ್ಚಕ್ಕೆ 10,000 ಡಾಲರ್ ತೋರಿಸಿದರೆ ಸಾಕು ಎಂದಿತ್ತು. ಟೊರೊಂಟೊ, ವ್ಯಾಂಕೂವರ್ ಬಾಡಿಗೆಗಳು ಆಕಾಶಕ್ಕೇರಿದರೂ ಅಂಕಿ ಅಲ್ಲಾಡಲಿಲ್ಲ. ವಸತಿಯ ಬಿಕ್ಕಟ್ಟು ರಾಜಕೀಯವಾಗಿ ಸುಡತೊಡಗಿದ ಮೇಲೆ, 2024ರ ಜನವರಿ 1ರಿಂದ ಒಂದೇ ಏಟಿಗೆ 20,635 ಆಯಿತು. 2025ರ ಸೆಪ್ಟೆಂಬರ್‌ನಿಂದ 22,895. 2023ರ ಡಿಸೆಂಬರ್ 31ರ ರಾತ್ರಿಗೂ ಮರುದಿನ ಬೆಳಗ್ಗೆಗೂ ನಡುವೆ ಕೆನಡಾದಲ್ಲಿ ಬ್ರೆಡ್ಡಿನ ಬೆಲೆ ದುಪ್ಪಟ್ಟಾಗಿರಲಿಲ್ಲವಲ್ಲ. ಬ್ರಿಟನ್ನಿನದು ಇನ್ನೊಂದು ಬಗೆ. ಅಲ್ಲಿ ಜೀವನ ವೆಚ್ಚವನ್ನು ಹೆಚ್ಚೆಂದರೆ ಒಂಬತ್ತು ತಿಂಗಳಿಗೆ ತೋರಿಸಿದರೆ ಸಾಕು. ನಮ್ಮವರು ಹೆಚ್ಚಾಗಿ ಸೇರುವ ಮಾಸ್ಟರ್ಸ್ ಕೋರ್ಸು ಹನ್ನೆರಡು ತಿಂಗಳದ್ದು. ಉಳಿದ ಮೂರು ತಿಂಗಳು ಗಾಳಿ ಕುಡಿದು ಬದುಕಬೇಕೆಂದು ಯಾರೂ ಹೇಳಿಲ್ಲ, ಹೇಳಬೇಕಾದ ಜವಾಬ್ದಾರಿಯೂ ವೀಸಾ ಕಚೇರಿಗಿಲ್ಲ. ಗಡಿಯಲ್ಲಿ ಯಾರನ್ನು ಒಳಬಿಡಬೇಕೆಂದು ಜರಡಿ ಹಿಡಿಯುವ ಅಂಕಿಯಿದು. ಒಳಗೆ ಹೋದವರು ತಿಂಗಳ ಕೊನೆಗೆ ಏನು ತಿಂದರೆಂಬುದು ಅದರ ವಿಷಯವಲ್ಲ.

ಇನ್ನು ರೂಪಾಯಿಯ ಮಾತು. 2025ರ ಆರಂಭದಲ್ಲಿ ಯೂರೊಗೆ 89-90 ರೂಪಾಯಿ ಇತ್ತು, ವರ್ಷ ಮುಗಿಯುವಾಗ 105ರ ಆಸುಪಾಸು. ಅದೇ 11,904 ಯೂರೊ ಒಂದೇ ವರ್ಷದಲ್ಲಿ ಸುಮಾರು 10.6 ಲಕ್ಷದಿಂದ 12.5 ಲಕ್ಷಕ್ಕೆ ಹೋಯಿತು. ಬ್ಲಾಕ್ಡ್ ಅಕೌಂಟಿನ ಪರವಾಗಿ ಇಲ್ಲೊಂದು ಒಳ್ಳೆಯ ಮಾತು ಹೇಳಲೇಬೇಕು: ಮೊದಲ ವರ್ಷದ ಹಣ ಕಟ್ಟಿದ ದಿನದ ದರದಲ್ಲೇ ನಿಂತುಬಿಡುತ್ತದೆ, ಆಮೇಲೆ ರೂಪಾಯಿ ಎಷ್ಟೇ ಕುಸಿದರೂ ಅದಕ್ಕೆ ಬಾಧೆಯಿಲ್ಲ. ಆದರೆ ಮಾಸ್ಟರ್ಸ್ ಎರಡು ವರ್ಷದ್ದು, ಐದು ಸೆಮಿಸ್ಟರ್‌ಗೆ ಎಳೆಯುವವರೂ ಬೇಕಾದಷ್ಟಿದ್ದಾರೆ. ವಾಸ ಪರವಾನಗಿ ನವೀಕರಿಸುವಾಗ ಮತ್ತೆ ಹಣದ ಪುರಾವೆ ಕೇಳುತ್ತಾರೆ. ವೀಸಾಕ್ಕಾಗಿ ನೆಂಟರಿಂದಲೋ ಬಡ್ಡಿಗೋ ಕೈಸಾಲ ತಂದು ಖಾತೆ ತುಂಬಿ, ತಿಂಗಳು ತಿಂಗಳು ಬಿಡುಗಡೆಯಾದದ್ದನ್ನೇ ಊರಿಗೆ ವಾಪಸು ಕಳಿಸುವ ಏರ್ಪಾಟು ಮಾಡಿಕೊಂಡವರು ಕುಸಿಯುವುದು ಆಗ. 992ರ ಲೆಕ್ಕದಲ್ಲೇ ಮೂವತ್ತು ತಿಂಗಳು ಹಿಡಿದು, ಆರಂಭಕ್ಕೆ 2,500 ಸೇರಿಸಿದರೆ 32,260 ಯೂರೊ. 105ರ ದರದಲ್ಲಿ ಸುಮಾರು 34 ಲಕ್ಷ ರೂಪಾಯಿ. ಫೀಸಿಲ್ಲದ ಓದಿನ ಒಟ್ಟು ಗಾತ್ರ ಇದು. ಇದರಲ್ಲಿ ಒಂದು ಪಾಲನ್ನು ಮಕ್ಕಳು ಅಲ್ಲೇ ದುಡಿದು ತುಂಬಬಹುದು. ಆದರೆ ಎಷ್ಟರ ಒಂದು ಪಾಲು ಎಂಬುದು ಮನೆಯಲ್ಲಿ ಮೊದಲೇ ಗೊತ್ತಿರಬೇಕು.

ಚೌಕಟ್ಟು: ಸಾಲ, ತೆರಿಗೆ
ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ಮೀರಿದರೆ ಆಸ್ತಿಯ ಅಡಮಾನ ಕೇಳುವುದು ವಾಡಿಕೆ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ: 20 ಲಕ್ಷವನ್ನು ಶೇ 10.5ರ ದರದಲ್ಲಿ ಒಮ್ಮೆಗೇ ಎತ್ತಿದರೆ ಮೂರು ವರ್ಷಕ್ಕೆ ಸರಳ ಬಡ್ಡಿಯೇ 6.3 ಲಕ್ಷ. ಕಂತುಕಂತಾಗಿ ಎತ್ತಿದರೆ ಇದು ಕಡಿಮೆಯಾಗುತ್ತದೆ. ಬಡ್ಡಿಗೆ 80ಇ ಅಡಿ ಎಂಟು ವರ್ಷ ಸಿಗುವ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಬ್ಯಾಂಕ್ ಸಾಲದಿಂದ ಕಳಿಸುವ ಶಿಕ್ಷಣದ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಅನ್ವಯ.

ಅಷ್ಟೊಂದು ಜನ ಹೋಗಿ ಹೇಗೋ ನಿಭಾಯಿಸುತ್ತಿಲ್ಲವೇ ಎನ್ನುವವರಿದ್ದಾರೆ. ನಿಭಾಯಿಸುತ್ತಿದ್ದಾರೆ. ಜರ್ಮನಿಯಲ್ಲಿ ಓದುವ ಭಾರತೀಯರು 60 ಸಾವಿರದ ಹತ್ತಿರ ಬಂದಿದ್ದಾರೆ, ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನಾದವರನ್ನು ಹಿಂದಿಕ್ಕಿ ಮೊದಲ ಸ್ಥಾನದಲ್ಲಿದ್ದಾರೆ. ಆದರೆ ಬಜೆಟ್ಟಿನಲ್ಲಿ ಬರೆಯದ ಖರ್ಚು ಮಾಯವಾಗುವುದಿಲ್ಲ, ಬೇರೆ ಯಾರದೋ ಹೆಸರಿಗೆ ವರ್ಗವಾಗುತ್ತದೆ. ಒಬ್ಬರ ಕೋಣೆಯಲ್ಲಿ ಮೂವರು ಮಲಗುವುದಾಗಿ, ತಪ್ಪಿಹೋದ ಲ್ಯಾಬ್ ಆಗಿ, ಮುಂದೂಡಿದ ಹಲ್ಲಿನ ಚಿಕಿತ್ಸೆಯಾಗಿ, ಊರಿನಲ್ಲಿ ಅಮ್ಮನ ಬಳೆಯ ಮೇಲೆ ತೆಗೆದ ಚಿನ್ನದ ಸಾಲವಾಗಿ ಅದು ಜಮಾ ಆಗುತ್ತದೆ. ಹೇಗೋ ನಿಭಾಯಿಸಿದವರು ಮದುವೆಮನೆಯಲ್ಲಿ ಸಿಕ್ಕಾಗ ಇವನ್ನೆಲ್ಲ ಹೇಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹನ್ನೆರಡೂವರೆ ಲಕ್ಷವೆಂದರೆ ಧೈರ್ಯ ಮಾಡುವ ರೈತನೋ ಶಾಲಾ ಮೇಷ್ಟ್ರೋ 34 ಲಕ್ಷವೆಂದರೆ ಮಗಳನ್ನು ಕಳಿಸುವ ಯೋಚನೆಯನ್ನೇ ಬಿಡುತ್ತಾರೆ; ಪೂರ್ತಿ ಲೆಕ್ಕ ಹೇಳುವುದೆಂದರೆ ಬಡವರ ಮಕ್ಕಳಿಗೆ ಬಾಗಿಲು ಹಾಕಿದಂತೆ. ವೀಸಾದ ಮೊತ್ತವನ್ನು ಏರಿಸಿ ಎಂದು ನಾನು ಹೇಳುತ್ತಿಲ್ಲ. ಕೆನಡಾದಂತೆ ಏರಿಸಿದರೆ ಮೊದಲು ಹೊರಗುಳಿಯುವವರು ಇವರೇ. ಆದರೆ ಕಡಿಮೆ ಅಂಕಿಯನ್ನು ನಂಬಿ ಹೋದಾಗ ಹೆಚ್ಚು ಪೆಟ್ಟು ತಿನ್ನುವವರೂ ಇವರೇ. ಉಳ್ಳವರ ಮಗನಿಗೆ ನಡುವೆ ಮೂರು ಲಕ್ಷ ಬೇಕಾದರೆ ಒಂದು ಫೋನ್ ಸಾಕು. ಇಲ್ಲದವರ ಮಗಳು ಓದನ್ನೇ ಅರ್ಧಕ್ಕೆ ಬಿಡಬೇಕಾದೀತು, ಹಿಂದೆ ಸಾಲ ಪೂರ್ತಿ ಉಳಿಯುತ್ತದೆ. ಪೂರ್ತಿ ಲೆಕ್ಕ ಮುಂದಿದ್ದರೆ ಹುಡುಕುವ ದಾರಿಗಳೂ ಬೇರೆಯಾಗುತ್ತವೆ. ವಿದ್ಯಾರ್ಥಿವೇತನ ಸಿಕ್ಕರೆ ಅದರ ಪತ್ರವನ್ನೇ ಬ್ಲಾಕ್ಡ್ ಅಕೌಂಟಿನ ಬದಲು ವೀಸಾಕ್ಕೆ ಒಪ್ಪುತ್ತಾರೆ. ಪರಿಶಿಷ್ಟರ ವಿದೇಶ ವ್ಯಾಸಂಗಕ್ಕೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಿದೆ. ಇವೆಲ್ಲಕ್ಕೂ ವರ್ಷ ಮೊದಲೇ ಓಡಾಡಬೇಕು. ಜುಲೈನಲ್ಲಿ ಯೋಚಿಸಿದರೆ ಆಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಇರುವುದು ಊರಿನ ಆಯ್ಕೆಯಲ್ಲಿ, ಅದರ ಬಗ್ಗೆ ನಡೆಯುವ ಚರ್ಚೆಯೇ ಅತಿ ಕಡಿಮೆ. ವಿಶ್ವವಿದ್ಯಾಲಯಗಳ ರ್‍ಯಾಂಕಿಂಗ್ ಪಟ್ಟಿ ಬಾಯಿಪಾಠ ಇರುವವರಿಗೂ ಆ ಊರಿನ ಕೋಣೆ ಬಾಡಿಗೆ ಗೊತ್ತಿರುವುದಿಲ್ಲ. ಪೂರ್ವ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಒಂದು ತಾಂತ್ರಿಕ ವಿಶ್ವವಿದ್ಯಾಲಯವಿದೆ. ಇಂಗ್ಲಿಷಿನಲ್ಲಿ ಆಟೊಮೋಟಿವ್ ಸಾಫ್ಟ್‌ವೇರ್, ಎಂಬೆಡೆಡ್ ಸಿಸ್ಟಮ್ಸ್ ಕಲಿಸುತ್ತದೆ, ಭಾರತೀಯರಿಗೆ ಅದೇನೂ ಹೊಸ ಹೆಸರಲ್ಲ. ಅಲ್ಲಿ ಹಂಚಿಕೊಂಡ ಮನೆಯ ಕೋಣೆ ಸುಮಾರು 300 ಯೂರೊಗೆ ಸಿಗುತ್ತದೆ. ಬಾಫೊಗ್‌ನ 380 ಅಲ್ಲಿ ಸಾಕಾಗಿ ಮಿಗುತ್ತದೆ. ಮ್ಯೂನಿಕ್‌ನ 800ಕ್ಕೂ ಇದಕ್ಕೂ ತಿಂಗಳಿಗೆ 500 ಯೂರೊ ವ್ಯತ್ಯಾಸ. ಮ್ಯೂನಿಕ್‌ನಲ್ಲಿ ಕಂಪನಿಗಳು ಹೆಚ್ಚು, ಓದುತ್ತಲೇ ಒಳ್ಳೆಯ ಕೆಲಸ ಸಿಗುವ ಸಂಭವವೂ ಹೆಚ್ಚು; ಅದನ್ನೂ ತಕ್ಕಡಿಗೆ ಹಾಕಿಯೇ ತೂಗಬೇಕು. ಆದರೆ ಇಪ್ಪತ್ತನಾಲ್ಕು ತಿಂಗಳಲ್ಲಿ ಆ ವ್ಯತ್ಯಾಸ 12,000 ಯೂರೊ ಆಗುತ್ತದೆ. ಒಂದಿಡೀ ವರ್ಷದ ಬ್ಲಾಕ್ಡ್ ಅಕೌಂಟಿಗಿಂತ 96 ಯೂರೊ ಹೆಚ್ಚು.